ಅಲುಗದ ಅಂಕಿ

ಬಾಗಿಲು ಬಡಿದವನು ಭಗವಂತನೇ ಎಂದು ಚಿಲಕ ತೆಗೆಯುವ ಮೊದಲೇ ಇಸ್ಮಾಯಿಲನಿಗೆ ಗೊತ್ತಾಗಿತ್ತು. ಬೇರೆಯವರು ಬಡಿದು ಹೆಸರು ಹಿಡಿದು ಕೂಗುತ್ತಾರೆ. ಭಗವಂತ ಎರಡೇ ಸಲ ಬಡಿದು, ಹಿಂದಕ್ಕೆ ಸರಿದು, ಮೆಟ್ಟಿಲ ಕೆಳಗೆ ಹೋಗಿ ನಿಲ್ಲುತ್ತಾನೆ. ಹದಿನೆಂಟು ವರ್ಷ ಕಾಲೇಜಿನ ಜವಾನನಾಗಿದ್ದವನ ಬಡಿತ ಅದು. ಗಡ್ಡದ ಅಂಚು ತಿದ್ದಲು ಕೆನ್ನೆಗೆ ಸಾಬೂನಿನ ನೊರೆ ಹಚ್ಚಿಕೊಂಡಿದ್ದ ಇಸ್ಮಾಯಿಲ ಕನ್ನಡಿಯ ಮುಂದೆ ಹಾಗೇ ನಿಂತ. ಮೂರು ದಿನದಿಂದ ಇವನು ಬರಬಹುದು ಎಂದು ಕಾದಿದ್ದ, ಬಾರದಿರಲಿ ಎಂದೂ ಬೇಡಿಕೊಂಡಿದ್ದ. ಬೈಯಲು ಬಂದಿದ್ದರೆ ಒಳ್ಳೆಯದು. ಬೈಸಿಕೊಂಡವನಿಗೆ ಸ್ವಲ್ಪ ಹಗುರಾಗುತ್ತದೆ, ತಿರುಗಿ ಬೈಯುವ ಹಕ್ಕೂ ಹುಟ್ಟುತ್ತದೆ. ಒಳಗಿನಿಂದ ತಾಯಿ ಶರೀಫಾಬಿ, 'ಕೌನ್ ಹೈ ರೇ, ದೇಖ್' ಎಂದು ಕೂಗಿದಳು. ನೊರೆ ಒರೆಸಿಕೊಂಡು ಬಾಗಿಲು ತೆಗೆದರೆ ಭಗವಂತ ನಗುತ್ತಿದ್ದ. ಮೊಣಕೈಯವರೆಗೆ ಜಾಲಿ ಮುಳ್ಳು ಗೀರಿದ ಗಾಯಗಳು. ಬಗಲಲ್ಲಿದ್ದ ಗೊಬ್ಬರದ ಚೀಲದೊಳಗೆ ಕೈ ಹಾಕಿ, ಮಗುವನ್ನು ಎತ್ತಿಕೊಂಡ ಹಾಗೆ ಜೋಪಾನವಾಗಿ ರಾಕೆಟ್ಟನ್ನು ಹೊರಗೆ ತೆಗೆದ.

'ಸಿಕ್ತ ನೋಡ್ರಿ ಸರ್.'

'ಎಲ್ಲಿ?'

'ಹಳ್ಳದಾಗ್ರಿ. ಜಾಲಿ ಕಂಟ್ಯಾಗ ತಲಿ ಕೆಳಗಾಗಿ ಬಿದ್ದಿತ್ತ. ಹಾರಿಸಿದ ಹೊಲದಿಂದ ಒಂದ್ ಕಿಲೋಮೀಟರ್ ಸೈತ ಇಲ್ರಿ. ನಮ್ಮನಿ ಒಂದ್ ದಿಕ್ಕ, ಇದು ಬಿದ್ದದ್ದ ಒಂದ್ ದಿಕ್ಕ. ಮೂರ್ ದಿನ ಹುಡಕೀನ್ರಿ. ಈಗ ನೀವು ಸಾಹೇಬ್ರ ಮುಂದ ಒಂದ್ ಮಾತ ಹೇಳಿಬಿಟ್ರ ಆಯ್ತ. ನನ್ನ ಮ್ಯಾಲಿನ ಕಳವಿನ ಅಪವಾದ ಹೋಗ್ತದ.'

ಒಂದು ಮಾತು. ಇಸ್ಮಾಯಿಲ ರಾಕೆಟ್ಟನ್ನು ಕೈಗೆ ತೆಗೆದುಕೊಂಡ. ಸೀರೆ ಅಂಗಡಿಯಿಂದ ಬೇಡಿ ತಂದಿದ್ದ ರಟ್ಟಿನ ಕೊಳವೆ, ಮೇಲೆ ಬಳಿದ ನೀಲಿ ಬಣ್ಣ, ಹಳೆಯ ಛತ್ರಿಯ ಬಟ್ಟೆ ಕತ್ತರಿಸಿ ಹೊಲಿದ ಪ್ಯಾರಾಚೂಟು ಮುಳ್ಳಿಗೆ ಸಿಕ್ಕು ಹರಿದಿತ್ತು. ಮೂತಿಯ ಟೊಪ್ಪಿಗೆ ಬಿಚ್ಚಿದರೆ ಒಳಗೆ ಅದು, ಅವನ ಟ್ರ್ಯಾಕರು, ಬೆಂಕಿಪೊಟ್ಟಣದಷ್ಟು ದೊಡ್ಡದು: ಉಪಗ್ರಹಗಳಿಂದ ಜಾಗ ತಿಳಿದುಕೊಳ್ಳುವ ಚೌಕದ ಚಿಪ್, ಅದನ್ನು ಕೆಳಗೆ ಹೇಳುವ ಪುಟ್ಟ ರೇಡಿಯೋ, ಸ್ಕೇಲು ಹಿಡಿದು ಅಳೆದು ಕತ್ತರಿಸಿದ ಬೆರಳುದ್ದದ ತಂತಿ, ಕೆಟ್ಟ ಇಯರ್‌ಫೋನಿನ ಡಬ್ಬಿಯಿಂದ ಕಿತ್ತ ಬ್ಯಾಟರಿ. ಚಿಪ್ಪಿನ ಒಂದು ಬೆಸುಗೆ ಬಿಟ್ಟಿತ್ತು. ಬ್ಯಾಟರಿ ಸತ್ತಿತ್ತು. ಅದು ಸತ್ತಿರುವುದನ್ನು ನೋಡಿ ಅವನಿಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಎದುರು ನಿಂತವನ ಮೇಲೆ ಸಿಟ್ಟು ಬಂತು. ಈ ಮನುಷ್ಯನಿಗೆ ಹುಡುಕಲು ಯಾರು ಹೇಳಿದ್ದರು? ಸಿಗದೇ ಇದ್ದಿದ್ದರೆ ಊರು ಹದಿನೈದು ದಿನ ಆಡಿಕೊಂಡು ಮರೆಯುತ್ತಿತ್ತು. 'ಒಳಗ ಬಾ' ಎನ್ನುವ ಮಾತು ಗಂಟಲವರೆಗೆ ಬಂತು. 'ನಿಂದರು, ಅಂಗಿ ಹಾಕ್ಕೊಂಡ ಬರ್ತೇನಿ' ಎಂದು ಬಾಗಿಲನ್ನು ಅರ್ಧ ಮುಚ್ಚಿದ.

ಭಗವಂತನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಆಳಂದದ ಬಜಾರು ದಾಟುವಾಗ ಪಾರ್ಸೆಲ್ ಆಫೀಸು ಕಣ್ಣಿಗೆ ಬಿತ್ತು. ನಾಲ್ಕು ತಿಂಗಳ ಹಿಂದೆ ಅಲ್ಲಿ ಗಲ್ಲಾದ ಮೇಲೆ ಕೂತಿದ್ದವನು ಡಬ್ಬಿಯ ಮೇಲೆ ಬರೆದದ್ದನ್ನು ಓದಿ, ಇಸ್ಮಾಯಿಲನ ಹೆಸರನ್ನೂ ಗಡ್ಡವನ್ನೂ ಒಂದೇ ನೋಟದಲ್ಲಿ ಅಳೆದು, 'ರಾಕೆಟ್ಟಾ? ಯಾರ ಮ್ಯಾಲ ಬಿಡವ್ರು?' ಎಂದು ಅಂಗಡಿಯ ತುಂಬ ಕೇಳುವ ಹಾಗೆ ಕೇಳಿದ್ದ. ಸರದಿಯಲ್ಲಿ ನಿಂತವರು ನಕ್ಕರು. ಇಸ್ಮಾಯಿಲನೂ ನಕ್ಕ, ಅದೇ ಕೆಟ್ಟದ್ದು, ಎಲ್ಲರಿಗಿಂತ ಮೊದಲು ತಾನೇ ನಕ್ಕಿದ್ದ. ಆಗ ಹಿಂದಿದ್ದ ಭಗವಂತ ಮುಂದೆ ಬಂದು ತನ್ನ ಆಧಾರ ಕಾರ್ಡು ಇಟ್ಟ: 'ನನ್ನ ಹೆಸರಲೆ ಬರಕೋರಿ. ಕಾಲೇಜಿಂದ ಅದ.' ಅಂದಿನಿಂದ ಎಲ್ಲ ಪಾರ್ಸೆಲ್ಲುಗಳೂ ಭಗವಂತನ ಹೆಸರಿಗೇ ಬಂದವು. ಉಪಕಾರ ಮಾಡಿದವನನ್ನು ದಿನಾ ನೋಡುವುದು ಕಷ್ಟ. ಯಂತ್ರ ಪರೀಕ್ಷಿಸುವ ದಿನಗಳಲ್ಲಿ ಇಸ್ಮಾಯಿಲ ಕಾಲೇಜಿನ ಮಾಳಿಗೆಯ ನೆರಳಲ್ಲಿ ಕೂತು, ಟ್ರ್ಯಾಕರನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ ಭಗವಂತನನ್ನು ಬಿಸಿಲಲ್ಲಿ ನಡೆಸುತ್ತಿದ್ದ. ಕೆರೆಯ ದಂಡೆ, ಬಸ್ ಡಿಪೋ, ಎಣ್ಣೆ ಮಿಲ್ಲು. ನಕಾಶೆಯ ಮೇಲೆ ಕೆಂಪು ಚುಕ್ಕೆಯೊಂದು ಕುಂಟುತ್ತ ಸಾಗುತ್ತಿತ್ತು. ಬೇಕಾದಷ್ಟು ಗೊತ್ತಾದ ಮೇಲೂ ಫೋನು ಮಾಡಿ, 'ಇನ್ನೊಂದ್ ಸುತ್ತ ಹಾಕ್ ಬಾ ಭಗವಂತಣ್ಣ' ಎನ್ನುತ್ತಿದ್ದ. ಆ ಇನ್ನೊಂದು ಸುತ್ತು ವಿಜ್ಞಾನಕ್ಕೆ ಬೇಕಿರಲಿಲ್ಲ, ಅವನಿಗೇ ಬೇಕಿತ್ತು. ತನ್ನ ಮಾತಿಗೆ ಬಿಸಿಲಲ್ಲಿ ನಡೆಯುವವನೊಬ್ಬ ಜಗತ್ತಿನಲ್ಲಿದ್ದಾನೆ ಎಂದು ಕಣ್ಣಾರೆ ನೋಡುವ ಸುಖ ಅದು.

ತಿರುಗಿ ಬಂದ ಭಗವಂತ ಬೆವರು ಒರೆಸಿಕೊಳ್ಳುತ್ತ ಪರದೆಯನ್ನು ಬಗ್ಗಿ ನೋಡುತ್ತಿದ್ದ. ಹದಿನೇಳು ಪಾಯಿಂಟು, ಎಪ್ಪತ್ತಾರು ಪಾಯಿಂಟು, ಮುಂದೆ ಉದ್ದಕ್ಕೆ ಅಂಕಿಗಳು. 'ಕುಂತಲ್ಲೇ ಕುಂತೀನಿ, ಕಡೀ ಅಂಕಿ ಯಾಕ ಬದಲಾಗ್ತದ್ರಿ?' ಎಂದು ಒಮ್ಮೆ ಕೇಳಿದ್ದ. ಇಸ್ಮಾಯಿಲ ಖುಷಿಯಿಂದ ವಿವರಿಸಿದ್ದ: ಉಪಗ್ರಹ ದೂರದಲ್ಲಿರುತ್ತದೆ, ಗಾಳಿಯಲ್ಲಿ ಅಲೆ ಬಾಗುತ್ತದೆ, ಕಲ್ಲಿನ ಮೇಲೆ ಇಟ್ಟರೂ ಕೊನೆಯ ಎರಡು ಅಂಕಿ ಅಲುಗುತ್ತಲೇ ಇರುತ್ತವೆ; ಅಲುಗಿದರೆ ಯಂತ್ರ ನಿಜವಾಗಿ ಆಕಾಶ ನೋಡುತ್ತಿದೆ ಎಂದರ್ಥ. ತರಗತಿಯಲ್ಲಿ ಇಷ್ಟು ಚೆನ್ನಾಗಿ ಅವನು ಎಂದೂ ಪಾಠ ಮಾಡಿರಲಿಲ್ಲ. ಆರು ವರ್ಷದಿಂದ ಅತಿಥಿ ಉಪನ್ಯಾಸಕ. ಪ್ರತಿ ಜೂನಿನಲ್ಲಿ ಪ್ರಿನ್ಸಿಪಾಲ ಜಗದೇವ ಹೊಸ ಆದೇಶಕ್ಕೆ ಸಹಿ ಹಾಕಿದರೆ ಮಾತ್ರ ಅತಿಥಿಗೆ ಊಟ. ಈ ಸಲ ಜಗದೇವ ಬೇರೆ ಮಾತು ಆಡಿದ್ದರು: ರಾಕೆಟ್ಟಿನಿಂದ ಕಾಲೇಜಿಗೆ ಹೆಸರು ಬರಲಿ, ಖಾಯಂ ಹುದ್ದೆಗೆ ನಿಮ್ಮದೊಂದೇ ಹೆಸರು ಆಡಳಿತ ಮಂಡಳಿಗೆ ಕಳಿಸುತ್ತೇನೆ. ಆ ಕಾಗದ ಅವರ ಮೇಜಿನ ಎಡಗಡೆಯ ಖಾನೆಯಲ್ಲಿತ್ತು. ಒಮ್ಮೆ ಖಾನೆ ತೆರೆದಿದ್ದಾಗ ಇಸ್ಮಾಯಿಲ ತನ್ನ ಹೆಸರನ್ನು ತಲೆಕೆಳಗಾಗಿ ಓದಿದ್ದ.

ಬೈಕು ಗುಂಡಿಗೆ ಬಿದ್ದು ಎದ್ದಿತು. ಹಿಂದೆ ಕೂತ ಭಗವಂತ ಏನೋ ಹೇಳುತ್ತಿದ್ದ, ಗಾಳಿಗೆ ಕೇಳಿಸಲಿಲ್ಲ, ಇಸ್ಮಾಯಿಲ 'ಹ್ಞೂಂ' ಎಂದ. ಆಡಳಿತ ಮಂಡಳಿಯ ಹಿರಿಯರು ಬಂದ ದಿನವೂ ಹೀಗೇ ಎಲ್ಲದಕ್ಕೂ ಹ್ಞೂಂ ಎಂದಿದ್ದ. ಜಗದೇವರ ಕೋಣೆಯಲ್ಲೇ ಯಂತ್ರ ತೋರಿಸಬೇಕಾಯಿತು. ಸೂರಿನ ಕೆಳಗೆ ಉಪಗ್ರಹ ಕಾಣುವುದಿಲ್ಲ ಎಂದು ಅವನು ಹೇಳುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು. ಪರದೆಯ ಮೇಲೆ ಸೊನ್ನೆ, ಸೊನ್ನೆ. ನಕಾಶೆಯಲ್ಲಿ ಚುಕ್ಕೆ ಆಫ್ರಿಕಾದ ಪಕ್ಕದ ಸಮುದ್ರದಲ್ಲಿ ಹೋಗಿ ಕೂತಿತು. 'ಇಸ್ಮಾಯಿಲ್ ಸರ್ ನಮ್ಮನ್ನೆಲ್ಲಾ ಆಫ್ರಿಕಾಕ್ಕ ಒಯ್ದಾರ' ಎಂದು ಜಗದೇವ ಅಂದದ್ದಕ್ಕೆ ಕೋಣೆಗೆ ಕೋಣೆಯೇ ನಕ್ಕಿತು. ಆ ನಗು ಅವನ ಕಿವಿಯಲ್ಲಿ ಎಂಟು ದಿನ ಇತ್ತು. ಮುಂದಿನ ಭಾನುವಾರ ಕೂತು ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದ: ಉಪಗ್ರಹ ಸಿಗದಿದ್ದರೆ ಕೊನೆಗೆ ಗೊತ್ತಿದ್ದ ಜಾಗವನ್ನೇ ಹೇಳು, ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೂ ಅದನ್ನು ಮರೆಯಬೇಡ. ಎರಡೇ ಸಾಲು. ಮತ್ತೆಂದೂ ಯಾರೆದುರೂ ಸೊನ್ನೆ ಬರಲಿಲ್ಲ. ಹಾರಿಸುವ ಹಿಂದಿನ ದಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ನೋಡಲೆಂದು ಟ್ರ್ಯಾಕರನ್ನು ಭಗವಂತ ನರೋಣಾಕ್ಕೆ, ತನ್ನ ಮನೆಗೆ ಒಯ್ದು, ಅಂಗಳದಲ್ಲಿ ಜೋಳದ ಚೀಲದ ಮೇಲೆ ಇಟ್ಟು, ಅಲ್ಲೇ ಬಂದ್ ಮಾಡಿ ಮರುದಿನ ತಂದಿದ್ದ.

ಹಾರಿಸಿದ ದಿನವೂ ಒಂದು ಭಾನುವಾರವೇ. ನರೋಣಾದ ಆಚೆ, ತೊಗರಿ ಕೊಯ್ದ ಹೊಲದಲ್ಲಿ ಶಾಮಿಯಾನ, ಕುರ್ಚಿ, ಅತಿಥಿಗಳಿಗೆಂದು ನೀರಿನ ಕ್ಯಾನು, ಗ್ಲಾಸುಗಳು. ಚಾಲೂ ಮಾಡಿ ಐದಾರು ನಿಮಿಷ ಬಿಟ್ಟರೆ ಯಂತ್ರ ಆಕಾಶ ಹಿಡಿಯುತ್ತದೆ. ಅಷ್ಟು ಹೊತ್ತು ಜಗದೇವರಿಗೆ ತಾಳ್ಮೆ ಇರಲಿಲ್ಲ. 'ಲಗೂ ಮಾಡ್ರಿ, ಮಂಡಳಿಯವ್ರಿಗಿ ಬಿಸಲ ಹತ್ತಾಕತ್ತದ.' ಇಸ್ಮಾಯಿಲ ಪರದೆ ನೋಡಿದ. ಅಂಕಿಗಳಿದ್ದವು. ಹದಿನೇಳು, ಎಪ್ಪತ್ತಾರು, ಅಷ್ಟು ಸಾಕಿತ್ತು. ರಾಕೆಟ್ಟು ಕಿರುಚಿಕೊಂಡು ಎದ್ದು, ಬಿಳಿ ಗೆರೆ ಎಳೆದು, ಬಿಸಿಲಿನೊಳಗೆ ಮಾಯವಾಯಿತು. ಚಪ್ಪಾಳೆ ಬಿತ್ತು. ಛತ್ರಿಯ ಬಟ್ಟೆ ಬಿಚ್ಚಿಕೊಂಡದ್ದನ್ನು ಯಾರೂ ನೋಡಲಿಲ್ಲ. ಎಲ್ಲರಿಗಿಂತ ಮೊದಲು ಓಡಿದವನು ಭಗವಂತ, ಐವತ್ತೈದರ ವಯಸ್ಸಿನಲ್ಲಿ, ತೊಗರಿಯ ಕೂಳೆಗಳ ಮೇಲೆ ಹರಕು ಚಪ್ಪಲಿಯಲ್ಲಿ. ಒಂದು ತಾಸು ಬಿಟ್ಟು ಬರಿಗೈಯಲ್ಲಿ ಬಂದ. ಅಷ್ಟರಲ್ಲಿ ಇಸ್ಮಾಯಿಲನ ಫೋನಿನ ನಕಾಶೆಯಲ್ಲಿ ಚುಕ್ಕೆ ಎರಡು ಕಿಲೋಮೀಟರ್ ಆಚೆ, ನರೋಣಾದೊಳಗೆ, ಒಂದು ಮನೆಯ ಮೇಲೆ ನಿಂತಿತ್ತು. ಭಗವಂತನ ಮನೆ ಎಂದು ಗುರುತು ಹಿಡಿದವರು ಜಗದೇವ.

'ಎಲ್ಲಿ ಹೋಗಿದ್ಯೋ ಇಷ್ಟೊತ್ತ?'

'ಹುಡಕಾಕತ್ತಿದ್ದೆರಿ. ನೀರಡಿಕಿ ಆಗಿ ನಡುವ ಮನಿಗಿ ಹೋಗಿ ನೀರ ಕುಡದ ಬಂದೀನ್ರಿ.'

'ಇಲ್ಲಿ ಕ್ಯಾನ್ ತುಂಬ ನೀರ ಅದ. ಎರಡ ಕಿಲೋಮೀಟರ್ ನಡದ ನೀರ ಕುಡ್ಯಾಕ ಮನಿಗಿ ಹೋಗ್ತಿ? ಯಾರ ನಂಬ್ತಾರ್ಲೇ?'

ಭಗವಂತ ಕ್ಯಾನಿನ ಪಕ್ಕ ಜೋಡಿಸಿಟ್ಟ ಗ್ಲಾಸುಗಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಮಂಡಳಿಯ ಹಿರಿಯರು ಬಾಯಿ ಹಚ್ಚುವ ಗ್ಲಾಸಿಗೆ ಭಗವಂತ ಬಾಯಿ ಹಚ್ಚಿದ್ದರೆ ಏನಾಗುತ್ತಿತ್ತು ಎಂದು ಆ ಶಾಮಿಯಾನದ ಕೆಳಗೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಕಾಲೇಜಿನಲ್ಲೂ ಅವನ ಸ್ಟೀಲಿನ ಲೋಟ ಕಿಟಕಿಯ ಮೇಲೆ ಬೇರೆಯೇ ಇರುತ್ತದೆ. ಯಾರೂ ಇಟ್ಟದ್ದಲ್ಲ, ತಾನಾಗಿಯೇ ಇಟ್ಟುಕೊಂಡಿದ್ದಾನೆ ಎಂದು ಎಲ್ಲರೂ ಹೇಳುತ್ತಾರೆ. ಕಾರಣ ಎಲ್ಲರ ಬಾಯಲ್ಲೂ ಇತ್ತು, ಯಾರೂ ಉಗುಳಲಿಲ್ಲ. ಹೀಗಾಗಿ ನೀರು ಕುಡಿದದ್ದೇ ಅವನ ಕಳವಿಗೆ ಸಾಕ್ಷಿಯಾಯಿತು. ಇಸ್ಮಾಯಿಲನಿಗೆ ಆ ಹೊತ್ತಿನಲ್ಲಿ ಅನಿಸಿದ್ದು ಇಷ್ಟೇ: ಸದ್ಯ, ಎಲ್ಲರೂ ನೋಡುತ್ತಿರುವುದು ನನ್ನನ್ನಲ್ಲ.

ಜಗದೇವರ ಕಾರಿನಲ್ಲಿ ಹೋದರು. ಮನೆಯ ಮುಂದೆ ಓಣಿ ಕೂಡಿತು. ಭಗವಂತನ ಹೆಂಡತಿ ಭಾಗಮ್ಮ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಇಸ್ಮಾಯಿಲನೇ ಮುಂದೆ, ಕೈಯಲ್ಲಿ ಫೋನು ಹಿಡಿದು, ಹೆಜ್ಜೆ ಎಣಿಸುತ್ತ. ಎಡಕ್ಕೆ. ಇನ್ನೂ ಮುಂದೆ. ಜೊತೆಗೆ ಬಂದವರಲ್ಲಿ ಇಬ್ಬರು ಟ್ರಂಕು ತೆರೆದರು. ಭಾಗಮ್ಮನ ಸೀರೆಗಳು, ಒಂದು ಹಳೆಯ ಸೊಂಟಪಟ್ಟಿ, ಮದುವೆಯ ಫೋಟೋ, ಮಡಿಚಿಟ್ಟ ಬಿಳಿ ಅಂಗಿ ಅಂಗಳಕ್ಕೆ ಬಂದವು. ಬುದ್ಧನ ಫೋಟೋದ ಹಿಂದೆಯೂ ಒಬ್ಬ ಕೈಯಾಡಿಸಿದ. ಇಸ್ಮಾಯಿಲ ಜೋಳದ ಚೀಲದ ಮುಂದೆ ನಿಂತ, ಪರದೆ ನೋಡಿದ. ತನ್ನ ಫೋನಿನ ನೀಲಿ ಚುಕ್ಕೆ ನಿಂತಲ್ಲೇ ಮಿಸುಕುತ್ತಿತ್ತು. ಟ್ರ್ಯಾಕರಿನ ಕೆಂಪು ಚುಕ್ಕೆ ಮಿಸುಕಲಿಲ್ಲ. ಅಂಕಿಗಳನ್ನು ನೋಡಿದ. ಒಂದು ನಿಮಿಷ ನೋಡಿದ. ಕೊನೆಯದು ಎಂಟು. ಮತ್ತೆ ಎಂಟು. ಮತ್ತೆ ಎಂಟು. ಇದು ಇವತ್ತಿನ ಜಾಗವಲ್ಲ, ನಿನ್ನೆಯದು. ರಾಕೆಟ್ಟು ಬೇರೆಲ್ಲೋ ಬಿದ್ದು, ಆಕಾಶ ಕಾಣದೆ, ತಾನು ಕಲಿಸಿದ ಸುಳ್ಳನ್ನೇ ಒಪ್ಪಿಸುತ್ತಿದೆ. ಹಿಂದೆ ಜಗದೇವರ ಉಸಿರು ಕುತ್ತಿಗೆಗೆ ತಾಕುವಷ್ಟು ಹತ್ತಿರವಿತ್ತು. 'ಏನ್ರಿ ಇಸ್ಮಾಯಿಲ್ ಸರ್, ಇಲ್ಲೇ ಅದಲ್ಲಾ? ನಿಮ್ಮ ಯಂತ್ರ ಖರೇ ಹೇಳ್ತದೋ, ಮತ್ತ ಆಫ್ರಿಕಾಕ್ಕ ಹೊಂಟದೋ?' ಯಾರೋ ಕಿಸಕ್ಕೆಂದರು. ಇಸ್ಮಾಯಿಲ, 'ಇಲ್ಲೇ ಎಲ್ಯೋ ಅದ್ರಿ' ಎಂದ. ಅಂದ ಮೇಲೆ ನೋಡಿದರೆ ಭಾಗಮ್ಮ ಹಿಟ್ಟಿನ ಕೈಯಿಂದಲೇ ಸೀರೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಳು. ಎತ್ತಿಕೊಂಡದ್ದಕ್ಕೆಲ್ಲ ಹಿಟ್ಟು ಹತ್ತುತ್ತಿತ್ತು.

ಕಾಲೇಜಿನ ಗೇಟಿನಲ್ಲಿ ಭಗವಂತ ಇಳಿದು, ಕೂದಲು ನೀವಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಮೂರು ದಿನದಿಂದ ಒಳಗೆ ಬಿಟ್ಟಿರಲಿಲ್ಲ. 'ನೀವೇ ಮೊದಲ ಮಾತಾಡ್ರಿ ಸರ್, ನಾ ಆಮ್ಯಾಲ' ಎಂದ. ಇಸ್ಮಾಯಿಲ ಮೆಟ್ಟಿಲು ಹತ್ತುತ್ತ ವಾಕ್ಯ ಕಟ್ಟಿಕೊಂಡ. ಸರ್, ತಪ್ಪು ನನ್ನದು. ಪ್ರೋಗ್ರಾಮಿನಲ್ಲಿ ಎರಡು ಸಾಲು ಹೆಚ್ಚು ಬರೆದಿದ್ದೆ. ಚಿಕ್ಕ ವಾಕ್ಯ. ಮೊದಲ ಮೆಟ್ಟಿಲಲ್ಲಿ ಸರಿಯಾಗಿತ್ತು. ಅಂಗಳದ ನಲ್ಲಿಯ ಹತ್ತಿರ ಬಂದಾಗ, 'ತಪ್ಪು ಯಂತ್ರದ್ದು' ಎಂದಾಯಿತು. ಜಗದೇವರ ಬಾಗಿಲ ಪರದೆ ಸರಿಸುವಾಗ, 'ತಪ್ಪು ಆಗಿರಬಹುದು' ಎಂದು ಸವೆದಿತ್ತು. ಒಳಗೆ ಜಗದೇವ ಮೇಜಿನ ಮೇಲಿನ ರಾಕೆಟ್ಟನ್ನು ಬೆರಳ ತುದಿಯಿಂದ ಹೊರಳಿಸಿ ನೋಡಿದರು. ಭಗವಂತ ಹಳ್ಳದ ಕಥೆ ಹೇಳಿ ಮುಗಿಸಿದ ಮೇಲೆ ನಕ್ಕರು.

'ಮೂರ ದಿನಾ ಇಟ್ಕೊಂಡು, ಅಂಜಿ, ಮುಳ್ಳಿಗಿ ಕೈ ಗೀರ್ಕೊಂಡ ತಂದೀದಿ. ಕಳದಿದ್ದು ತಂದ ಕೊಟ್ಟಾಂವ ಯಾವಾಗ್ಲೂ ಕದ್ದಾಂವೇ ಇರ್ತಾನ. ಹೋಗ್ಲಿ, ನಾ ಕಟುಕ ಅಲ್ಲ. ಒಂದ್ ತಪ್ಪೊಪ್ಪಿಗಿ ಬರಕೊಡು, ನೌಕರಿ ಉಳೀತದ.'

'ಮಾಡದ ತಪ್ಪ ಹೆಂಗ ಒಪ್ಕೊಳ್ಲಿರಿ?'

'ಹಂಗಾದ್ರ ಯಂತ್ರ ಸುಳ್ಳೇನು?'

ಭಗವಂತ ಜಗದೇವರ ಕಡೆ ನೋಡಲಿಲ್ಲ. ಇಸ್ಮಾಯಿಲನ ಕಡೆ ತಿರುಗಿದ. 'ಸರ್, ನೀವು ಹೇಳ್ರಿ. ನೀವು ಮಾಡಿದ ಯಂತ್ರ. ಭಗವಂತ ತಗೊಂಡಾನ ಅಂತ ನಿಮ್ಮ ಬಾಯಿಲೆ ಬರ್ಲಿ, ಈಗ ಇಲ್ಲೇ ಬರದ ಸಹಿ ಮಾಡ್ತೇನಿ. ಒಂದಕ್ಷರ ಮಾತಾಡಂಗಿಲ್ಲ.' ಬೇಡುವ ದನಿಯಲ್ಲ ಅದು. ಇವನು ಸುಳ್ಳು ಹೇಳಲಾರ ಎಂಬ ನಂಬಿಕೆಯ ದನಿ. ಕೇಳುವವನಿಗೆ ಕಪಾಳಕ್ಕೆ ಹೊಡೆಸಿಕೊಂಡದ್ದಕ್ಕಿಂತ ಹೆಚ್ಚು. ಇಸ್ಮಾಯಿಲ ಎಡಗಡೆಯ ಖಾನೆ ನೋಡಿದ, ಅದರ ಹಿತ್ತಾಳೆಯ ಹಿಡಿಕೆ ನೋಡಿದ. ಇವನಲ್ಲದಿದ್ದರೆ ಮತ್ತಾರು ಎಂದು ಜಗದೇವ ಕೇಳುತ್ತಾರೆ. ಪಾರ್ಸೆಲ್ಲು, ಗಡ್ಡ, ರಾಕೆಟ್ಟು ಎಲ್ಲ ಒಂದೇ ಮಾತಿಗೆ ಬಂದು ಕೂಡುತ್ತವೆ. ಹಾಗೆಂದು ತನಗೆ ತಾನೇ ಹೇಳಿಕೊಂಡ. ಅದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಅದು ಉಪಯೋಗಕ್ಕೆ ಬಂತು. ತಗೊಂಡಾನ ಎನ್ನಲು ನಾಲಿಗೆ ಏಳಲಿಲ್ಲ. ಅಷ್ಟರಮಟ್ಟಿಗೆ ತಾನು ಒಳ್ಳೆಯವನು ಎಂದು ಆ ಗಳಿಗೆಯಲ್ಲೂ ಅನಿಸಿತು.

'ನನಗ ಗೊತ್ತಿಲ್ರಿ' ಎಂದ.

ಭಗವಂತ ಅವನನ್ನು ನೋಡಿದ. ಮುಖದಲ್ಲಿ ಸಿಟ್ಟು ಬರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ತಾನೇ ಹುಡುಕುತ್ತಿರುವ ಹಾಗೆ ಕಣ್ಣು ಸಣ್ಣದು ಮಾಡಿದ, ಸಿಕ್ಕಿತು ಎನ್ನುವ ಹಾಗೆ ತಲೆಯಾಡಿಸಿದ. ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಮೇಜಿನ ಮೇಲೆ, ರಾಕೆಟ್ಟಿಗೆ ತಗುಲದ ಹಾಗೆ ಇಟ್ಟ. 'ನಾ ಬರಕೊಡಂಗಿಲ್ರಿ' ಎಂದು ಜಗದೇವರಿಗೆ ಹೇಳಿದ. ಇಸ್ಮಾಯಿಲನಿಗೆ, 'ಬರ್ತೇನ್ರಿ ಸರ್' ಎಂದ, ದಿನಾ ಸಂಜೆ ಐದಕ್ಕೆ ಹೇಳುತ್ತಿದ್ದ ದನಿಯಲ್ಲೇ. ಅಂಗಳ ದಾಟಿ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ತಿರುಗಿ ನೋಡಿದರೆ ಓಡಿ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಇಸ್ಮಾಯಿಲ ಪಣ ತೊಟ್ಟ. ಭಗವಂತ ತಿರುಗಿ ನೋಡುವವನಲ್ಲ ಎಂದು ಗೊತ್ತಿದ್ದೇ ತೊಟ್ಟ.

'ಚೊಲೋ ಆಯ್ತ ಬಿಡ್ರಿ' ಎಂದರು ಜಗದೇವ. 'ಕಳ್ಳನ್ನ ಹಿಡಿದ ಯಂತ್ರ ಅಂತ ಪೇಪರಿನ್ಯಾಗ ಹಾಕಸೋಣ. ರಾಕೆಟ್ ಯಾವಾನೂ ಬಿಡ್ತಾನ, ಕಳ್ಳನ್ನ ಹಿಡಿಯೂದ ದೊಡ್ಡದು. ವರದಿ ಬರೀರಿ ನೀವು. ಮಂಡಳಿಯವ್ರು ಬರಾಕತ್ತಾರ, ಹೋಗ್ತಾ ನಾಕ ಚಹಾಕ್ಕ ಹೇಳ್ರಿ.' ಇಸ್ಮಾಯಿಲ 'ಹೌದ್ರಿ' ಎಂದು ಹೊರಗೆ ಬಂದ. ದುಃಖವಾಗುತ್ತದೆ ಎಂದು ಕಾದ. ಆಗಲಿಲ್ಲ. ಹಸಿವಾಯಿತು, ಮೂರು ದಿನದ ಹಸಿವು ಒಮ್ಮೆಲೇ. ಕ್ಯಾಂಟೀನಿನಲ್ಲಿ ಚಹಾಕ್ಕೆ ಹೇಳಿ, ಎರಡು ಪ್ಲೇಟು ಮಂಡಕ್ಕಿ ಸುಸಲಾ, ಮಿರ್ಚಿ ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು; ಯಾರಾದರೂ ನೋಡಿದರೆ ಅಳುತ್ತಿದ್ದಾನೆ ಎಂದುಕೊಳ್ಳಲಿ ಅನಿಸಿತು. ಕ್ಯಾಂಟೀನಿನ ರಸೂಲ ಟ್ರೇಯಲ್ಲಿ ನಾಲ್ಕು ಕಪ್ಪು ಜೋಡಿಸಿ ಸುತ್ತ ನೋಡಿದ.

'ಭಗವಂತಣ್ಣ ಎಲ್ಲಿದ್ದಾನ್ರಿ ಸರ್? ಚಹಾ ಆರಾಕತ್ತದ.'

'ಊರಿಗಿ ಹೋದ.'

'ಹಂಗಾದ್ರ ಯಾರ ಒಯ್ಯವ್ರು? ನಾ ಗಲ್ಲಾ ಬಿಟ್ಟ ಬರಂಗಿಲ್ರಿ.' ರಸೂಲ ಟ್ರೇಯನ್ನು ಇಸ್ಮಾಯಿಲನ ಕಡೆ ಸರಿಸಿದ. 'ನೀವೇ ಆ ಕಡಿ ಹೊಂಟೀರಲ್ಲ.'

ಇಸ್ಮಾಯಿಲ ಕೈ ತೊಳೆದುಕೊಂಡ. ಟ್ರೇ ಎತ್ತಿಕೊಂಡ. ಅಂಗಳದ ತುಂಬ ಹುಡುಗರಿದ್ದರು, ಕೆಲವರು ಎದ್ದು 'ನಮಸ್ಕಾರ ಸರ್' ಎಂದರು, ಕೈ ಖಾಲಿ ಇಲ್ಲದ್ದಕ್ಕೆ ತಲೆಯಾಡಿಸಿದ. ಚಹಾ ಕಪ್ಪಿನ ಕೆಳಗಿನ ಬಸಿಗೆ ಚೆಲ್ಲದ ಹಾಗೆ ಸಣ್ಣ ಹೆಜ್ಜೆ ಇಡುತ್ತ, ಭುಜದಿಂದ ಪರದೆ ಸರಿಸಿ ಒಳಗೆ ಬಂದ. ಮಂಡಳಿಯ ಹಿರಿಯರು ರಾಕೆಟ್ಟಿನ ಸುತ್ತ ಕೂತಿದ್ದರು. ಕಳ್ಳ ಸಿಕ್ಕ ಕಥೆ ಹೇಳುತ್ತಿದ್ದ ಜಗದೇವ ತಲೆ ಎತ್ತದೆ, ಬಂದ ಟ್ರೇ ಮಾತ್ರ ನೋಡಿ, 'ಅಲ್ಲಿಡು' ಎಂದರು. ಅವನು ಇಟ್ಟ. ಕೂಡಲು ಯಾರೂ ಹೇಳಲಿಲ್ಲ, ಹೋಗೆಂದೂ ಹೇಳಲಿಲ್ಲ. ಕಪ್ಪುಗಳು ಖಾಲಿಯಾಗುವವರೆಗೆ ಅವನು ಬಾಗಿಲ ಪಕ್ಕ ಗೋಡೆಗೆ ತಾಗಿ ನಿಂತುಕೊಂಡ.